ಗಾಲಿಯ ಮೇಲಿನ ಡೇರೆ: ಕೊರಿಯಾದ ಬೀದಿಬದಿಯ ಒಂದು ಚರಿತ್ರೆ

ಕೊರಿಯಾದ ಧಾರಾವಾಹಿಗಳನ್ನು ನೋಡುವ ಹವ್ಯಾಸ ಈಗ ನಮ್ಮ ಮನೆಗಳಿಗೂ ಬಂದಿರುವುದರಿಂದ, ನಾನು ಹೇಳಹೊರಟಿರುವ ವಸ್ತುವನ್ನು ನಿಮ್ಮಲ್ಲಿ ಹಲವರು ಈಗಾಗಲೇ ಕಂಡಿದ್ದೀರಿ. ಕೆಲಸ ಕಳೆದುಕೊಂಡ ನಾಯಕನೋ ಪ್ರೀತಿಯಲ್ಲಿ ಸೋತ ನಾಯಕಿಯೋ ರಾತ್ರಿಯ ಹೊತ್ತು ಬೀದಿಬದಿಯ ಕಿತ್ತಳೆ ಬಣ್ಣದ ಡೇರೆಯೊಂದನ್ನು ಹೊಕ್ಕು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ಹಸಿರು ಸೀಸೆಯಿಂದ ಪುಟ್ಟ ಲೋಟಕ್ಕೆ ಸುರಿದುಕೊಂಡು ಕುಡಿಯುವ ದೃಶ್ಯವಿಲ್ಲದ ಧಾರಾವಾಹಿ ಅಲ್ಲಿ ಅಪರೂಪ. ಆ ಡೇರೆಯ ಹೆಸರು ಪೋಜಾಂಗ್‌ಮಾಚಾ. ಮೇಷ್ಟ್ರು ಈ ವಯಸ್ಸಿನಲ್ಲಿ ಗಡಂಗಿನ ಬಗ್ಗೆ ಬರೆಯಲು ಕುಳಿತರಲ್ಲ ಎಂದು ಹುಬ್ಬೇರಿಸುವ ಹಳೆಯ ವಿದ್ಯಾರ್ಥಿಗಳಿಗೆ ನನ್ನ ಸಮಾಧಾನ ಇಷ್ಟೇ: ನಾನು ತರಗತಿಯಲ್ಲಿ ಕಲಿಸಿದ ಚರಿತ್ರೆಯಲ್ಲಿ ಅರಸರಿದ್ದರು, ಯುದ್ಧಗಳಿದ್ದವು, ಕೌಲು ಕರಾರುಗಳಿದ್ದವು. ಯುದ್ಧ ಮುಗಿದ ಮರುದಿನ ಜನ ಎಲ್ಲಿ ಕುಳಿತು ಏನನ್ನು ತಿಂದರು ಎಂಬ ಪಾಠ ಪಠ್ಯಪುಸ್ತಕದಲ್ಲಿರಲಿಲ್ಲ. ಇದು ಆ ಪಾಠ.

ಮೊದಲು ಹೆಸರಿನ ವಿಚಾರ. ಕೊರಿಯನ್ ಭಾಷೆಯಲ್ಲಿ ‘ಪೋಜಾಂಗ್’ ಎಂದರೆ ಬಟ್ಟೆಯ ಹೊದಿಕೆ, ‘ಮಾಚಾ’ ಎಂದರೆ ಕುದುರೆಗಾಡಿ. ಎರಡೂ ಚೀನೀ ಲಿಪಿಯ ಮೂಲಕ ಬಂದ ಪದಗಳು. ಅಮೆರಿಕದ ಪಶ್ಚಿಮದ ಬಯಲುಗಳನ್ನು ದಾಟಿದ ವಲಸೆಗಾರರ ಬಟ್ಟೆ ಹೊದಿಸಿದ ಗಾಡಿಗಳಿಗೂ ಕೊರಿಯನ್ನರು ಇದೇ ಪದವನ್ನು ಬಳಸುತ್ತಾರೆ. ಆದರೆ ಸಿಯೋಲ್ ನಗರದ ಪೋಜಾಂಗ್‌ಮಾಚಾಕ್ಕೆ ಕುದುರೆ ಎಂದೂ ಇರಲಿಲ್ಲ; ಗಂಡ ಮುಂದಿನಿಂದ ಎಳೆದು ಹೆಂಡತಿ ಹಿಂದಿನಿಂದ ನೂಕುವ ಎರಡು ಗಾಲಿಯ ಕೈಗಾಡಿ ಅದು. ಸಂಜೆ ಎಲ್ಲಿಂದಲೋ ಬಂದು ನಿಲ್ಲುತ್ತದೆ, ಸುತ್ತ ಟಾರ್ಪಾಲು ಇಳಿಯುತ್ತದೆ, ಬೆಳಗಾಗುವಷ್ಟರಲ್ಲಿ ಅಲ್ಲಿ ಏನೂ ಇರುವುದಿಲ್ಲ. ಓದುಗರು ಈ ಗಾಲಿಯನ್ನು ಮರೆಯಬಾರದು. ಈ ಅಂಗಡಿಯ ಸೊತ್ತಿನಲ್ಲಿ ಅತ್ಯಂತ ಬೆಲೆಬಾಳುವುದು ಒಲೆಯೂ ಅಲ್ಲ, ಪಾತ್ರೆಯೂ ಅಲ್ಲ, ಗಾಲಿ.

1950ರ ಜೂನ್ 25ರಂದು ಆರಂಭವಾದ ಕೊರಿಯಾ ಯುದ್ಧ 1953ರ ಜುಲೈ 27ರ ಕದನವಿರಾಮದೊಂದಿಗೆ ನಿಂತಿತು. ಈ ಯುದ್ಧಕ್ಕೂ ನಮ್ಮ ನಾಡಿಗೂ ಇರುವ ನಂಟನ್ನು ನಾನು ತರಗತಿಯಲ್ಲಿ ಹೇಳಿದ್ದು ಕೆಲವರಿಗಾದರೂ ನೆನಪಿರಬಹುದು. ಯುದ್ಧಕೈದಿಗಳನ್ನು ಮರಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953-54ರಲ್ಲಿ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು. ಅವರು ಗಡಿರೇಖೆಯ ಬಳಿ ಸಾವಿರಾರು ಕೈದಿಗಳ ಹಣೆಬರಹವನ್ನು ಕುರಿತು ಎರಡೂ ಪಕ್ಷಗಳೊಡನೆ ಹೆಣಗುತ್ತಿದ್ದ ಕಾಲದಲ್ಲಿ, ದಕ್ಷಿಣದ ರಾಜಧಾನಿ ಸಿಯೋಲ್ ಬೂದಿಯಿಂದ ಏಳಲು ನೋಡುತ್ತಿತ್ತು. ಒಂದು ವರ್ಷದೊಳಗೆ ನಾಲ್ಕು ಬಾರಿ ಕೈಬದಲಾದ ನಗರ ಅದು. ಉತ್ತರದಿಂದ ಓಡಿಬಂದ ನಿರಾಶ್ರಿತರು, ಸುಟ್ಟ ಹಳ್ಳಿಗಳಿಂದ ಬಂದ ರೈತರು, ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಚಂಗ್ಯೆಚನ್ ಎಂಬ ಹೊಳೆಯ ದಂಡೆಯಲ್ಲಿ ಹಲಗೆ, ತಗಡುಗಳ ಗುಡಿಸಲು ಕಟ್ಟಿಕೊಂಡಿದ್ದರು. ಅಂಗಡಿಗೆ ಬಾಡಿಗೆ ಕೊಡುವ ಶಕ್ತಿ ಯಾರಿಗೂ ಇರಲಿಲ್ಲ. ಒಂದು ಕೈಗಾಡಿ, ಒಂದು ಒಲೆ, ಮೇಲೊಂದು ಹರಕು ಬಟ್ಟೆ, ಇಷ್ಟಿದ್ದರೆ ಬದುಕು ಆರಂಭವಾಗುತ್ತಿತ್ತು.

ಅಂದಿನ ಗಾಡಿಗಳಲ್ಲಿ ಏನು ಸಿಗುತ್ತಿತ್ತೆಂದು ಕೇಳಿದರೆ ಇಂದಿನ ಕೊರಿಯನ್ ಮಕ್ಕಳೇ ನಂಬುವುದಿಲ್ಲವಂತೆ: ಸುಟ್ಟ ಗುಬ್ಬಚ್ಚಿ. ಸುಗ್ಗಿಯ ನಂತರ ಗದ್ದೆಗಳಲ್ಲಿ ಹಿಡಿದ ಗುಬ್ಬಿಗಳನ್ನು ಕಡ್ಡಿಗೆ ಚುಚ್ಚಿ, ಉಪ್ಪೋ ಸೋಯಾ ರಸವೋ ಸವರಿ, ಕೆಂಡದ ಮೇಲೆ ಸುಟ್ಟು ಮೂಳೆಸಹಿತ ತಿನ್ನುತ್ತಿದ್ದರು. ಜೊತೆಗೆ ಸೋಜು ಎಂಬ ಬಟ್ಟಿ ಇಳಿಸಿದ ಮದ್ಯ. ಇಡೀ ಸೀಸೆ ಕೊಳ್ಳುವ ಹಣ ಯಾರ ಬಳಿ ಇತ್ತು? ಲೋಟದ ಲೆಕ್ಕದಲ್ಲಿ ಮಾರಾಟ. ಜಪಾನೀಯರ ಆಳ್ವಿಕೆಯಿಂದ (1910-1945) ಉಳಿದುಬಂದ ‘ಒದೆಂಗ್’, ಅಂದರೆ ಅರೆದ ಮೀನನ್ನು ಹಿಟ್ಟಿನೊಡನೆ ಕಲಸಿ ಕರಿದು ಬಿಸಿ ಸಾರಿನಲ್ಲಿ ಮುಳುಗಿಸಿಟ್ಟ ಖಾದ್ಯ, ಮತ್ತೊಂದು ಕಡೆ ಕುದಿಯುತ್ತಿತ್ತು. ಬೆಳಕಿಗೆ ಕಾರ್ಬೈಡ್ ದೀಪ. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಹುಟ್ಟಿ ಬೆಳ್ಳಗೆ ಉರಿಯುತ್ತದೆ ಎಂದು ವಿಜ್ಞಾನದ ಮೇಷ್ಟ್ರು ನಿಮಗೆ ಕಲಿಸಿದ್ದಾರೆ. ಅದರ ಘಾಟು ವಾಸನೆಯನ್ನು ನಮ್ಮ ಜಾತ್ರೆಗಳಲ್ಲಿ ಕಂಡುಂಡ ಹಿರಿಯರೂ ಈ ಪುಟವನ್ನು ಓದುತ್ತಿದ್ದೀರಿ. ಆ ಪೀಳಿಗೆಯ ಕೊರಿಯನ್ನರಿಗೆ ಪೋಜಾಂಗ್‌ಮಾಚಾ ಎಂದರೆ ಮೊದಲು ನೆನಪಾಗುವುದು ಆ ದೀಪ, ಆಮೇಲೆ ರುಚಿ.

ಕೊರಿಯನ್ ಸಾಹಿತ್ಯಕ್ಕೆ ಈ ದೀಪದ ಬೆಳಕು ಬಿದ್ದದ್ದು 1965ರಲ್ಲಿ. ಕಿಮ್ ಸುಂಗ್-ಒಕ್ ಎಂಬ ಯುವ ಲೇಖಕ ‘ಸಿಯೋಲ್, 1964, ಚಳಿಗಾಲ’ ಎಂಬ ಕತೆಯನ್ನು ಬರೆದರು. ಕತೆ ಆರಂಭವಾಗುವುದೇ ಅಂತಹ ಒಂದು ಬೀದಿಗಾಡಿಯಲ್ಲಿ. ಪರಸ್ಪರ ಪರಿಚಯವಿಲ್ಲದ ಇಬ್ಬರು ತರುಣರು ಕುಡಿಯುತ್ತ ಹುರುಳಿಲ್ಲದ ಮಾತಾಡುತ್ತಿರುತ್ತಾರೆ. ಮೂರನೆಯವನೊಬ್ಬ ತನ್ನನ್ನೂ ಸೇರಿಸಿಕೊಳ್ಳಿ ಎಂದು ಬೇಡಿಕೊಳ್ಳುತ್ತಾನೆ. ಆತನ ಹೆಂಡತಿ ಅಂದೇ ತೀರಿಕೊಂಡಿದ್ದಾಳೆ. ಶವವನ್ನು ಆಸ್ಪತ್ರೆಗೆ ಮಾರಿದ್ದಾನೆ. ಆ ಹಣವನ್ನು ಬೆಳಗಾಗುವುದರೊಳಗೆ ಖರ್ಚುಮಾಡಿ ಮುಗಿಸಬೇಕಾಗಿದೆ. ಮೂವರೂ ರಾತ್ರಿಯೆಲ್ಲ ಅಲೆದು ಕೊನೆಗೆ ವಸತಿಗೃಹವೊಂದರಲ್ಲಿ ಬೇರೆಬೇರೆ ಕೋಣೆಗಳಲ್ಲಿ ಮಲಗುತ್ತಾರೆ. ಬೆಳಿಗ್ಗೆ ಆ ಮನುಷ್ಯ ಸತ್ತಿರುತ್ತಾನೆ. ಉಳಿದಿಬ್ಬರು ಸದ್ದಿಲ್ಲದೆ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಯುದ್ಧಾನಂತರದ ಸಿಯೋಲನ್ನು ಅರಿಯಬೇಕಾದವರು ಹತ್ತು ಚರಿತ್ರೆಯ ಗ್ರಂಥಗಳಿಗೆ ಮೊದಲು ಈ ಒಂದು ಕತೆಯನ್ನು ಓದಬೇಕು. ಡೇರೆ ಅಪರಿಚಿತರನ್ನು ಒಂದೇ ಹಲಗೆಯ ಮುಂದೆ ಕೂರಿಸುತ್ತದೆ. ಆದರೆ ಅವರನ್ನು ಬಂಧುಗಳನ್ನಾಗಿ ಮಾಡುತ್ತದೆಂಬ ಭರವಸೆಯೇನೂ ಇಲ್ಲ.

ಆ ಕತೆ ಪ್ರಕಟವಾದ ವರ್ಷವೇ ಸೋಜುವಿನ ಜಾತಕವೂ ಬದಲಾಯಿತು. ಅಕ್ಕಿಯ ಅಭಾವದ ಕಾರಣ ಸರ್ಕಾರ ಧಾನ್ಯದಿಂದ ಮದ್ಯ ಬಟ್ಟಿ ಇಳಿಸುವುದನ್ನು ನಿಷೇಧಿಸಿತು. ಅಂದಿನಿಂದ ಗೆಣಸು, ಮರಗೆಣಸು ಮುಂತಾದವುಗಳಿಂದ ತೆಗೆದ ಶುದ್ಧ ಮದ್ಯಸಾರಕ್ಕೆ ನೀರು ಬೆರೆಸಿ, ಸಿಹಿಮಾಡಿ, ಸೀಸೆಗೆ ತುಂಬಿದ್ದೇ ಸೋಜು ಎನಿಸಿಕೊಂಡಿತು. ಅಕ್ಕಿಯ ಹಳೆಯ ಸೋಜು 1990ರ ದಶಕದವರೆಗೂ ಮರೆಯಾಯಿತು. ಧಾರಾವಾಹಿಯ ಹಸಿರು ಸೀಸೆಯಲ್ಲಿರುವುದು ಈ ಎರಡನೆಯ ಜಾತಿಯದು. 1965ರಲ್ಲಿ ಅದರ ಮದ್ಯಸಾರ ನೂರಕ್ಕೆ 30ರಷ್ಟಿದ್ದುದು 1973ರಲ್ಲಿ 25ಕ್ಕೆ, 1998ರಲ್ಲಿ 23ಕ್ಕೆ ಇಳಿದು, ಇತ್ತೀಚೆಗೆ 16ರ ಸುಮಾರಿಗೆ ಬಂದಿದೆ. ಸುಖ ಹೆಚ್ಚಿದಂತೆ ಮದ್ಯ ತೆಳುವಾಯಿತು ಎನ್ನೋಣವೇ? ಬೆಲೆ ಮಾತ್ರ ಕೂಲಿಯವನ ಕೈಗೆಟುಕುವಷ್ಟೇ ಉಳಿಯಿತು. ಸೋಜು ಅಗ್ಗವಾಗಿರದಿದ್ದರೆ ಈ ಡೇರೆಗಳು ಹುಟ್ಟುತ್ತಿರಲಿಲ್ಲ.

ಅಕ್ಕಿಯ ಅಭಾವದ ಮಾತು ಬಂದುದರಿಂದ ಇನ್ನೊಂದು ಸಂಗತಿ. 1960-70ರ ದಶಕಗಳಲ್ಲಿ ಅಲ್ಲಿನ ಸರ್ಕಾರ ಜನರು ಬಿಳಿ ಅನ್ನ ಬಿಟ್ಟು ಬಾರ್ಲಿ ಬೆರೆಸಿದ ಅನ್ನವನ್ನೂ ಗೋಧಿಯ ಪದಾರ್ಥಗಳನ್ನೂ ತಿನ್ನಬೇಕೆಂದು ದೊಡ್ಡ ಚಳವಳಿಯನ್ನೇ ನಡೆಸಿತು. ವಾರದ ಕೆಲವು ದಿನ ಹೋಟೆಲುಗಳಲ್ಲಿ ಅನ್ನ ಬಡಿಸುವಂತಿರಲಿಲ್ಲ. ಶಾಲೆಗಳಲ್ಲಿ ಮಧ್ಯಾಹ್ನ ಮಕ್ಕಳು ಬುತ್ತಿ ತೆರೆದಾಗ ಶಿಕ್ಷಕರು ಸಾಲಿನ ನಡುವೆ ಓಡಾಡಿ ಬಾರ್ಲಿ ಸಾಕಷ್ಟು ಬೆರೆತಿದೆಯೇ ಎಂದು ಪರೀಕ್ಷಿಸಬೇಕಾಗಿತ್ತು! ನಮಗೆ ಇಲಾಖೆ ಒಪ್ಪಿಸದ ಕೆಲಸವಿಲ್ಲ ಎಂದು ನಾವು ಗೊಣಗುತ್ತಿದ್ದೆವು. ಪುಣ್ಯಕ್ಕೆ ಮಕ್ಕಳ ಬುತ್ತಿಯ ತಪಾಸಣೆಯೊಂದು ನಮ್ಮ ಪಾಲಿಗೆ ಬರಲಿಲ್ಲ. ಆ ಚಳವಳಿಯ ಬೆನ್ನಿಗಿದ್ದದ್ದು ‘ಪಿ.ಎಲ್. 480’ ಯೋಜನೆಯ ಅಮೆರಿಕದ ಗೋಧಿ. ಅದೇ ಯೋಜನೆಯ ಗೋಧಿ ಅದೇ ಕಾಲದಲ್ಲಿ ನಮ್ಮ ಬಂದರುಗಳಿಗೂ ಬಂದಿಳಿಯುತ್ತಿತ್ತು. ಶಾಲೆಯಲ್ಲಿ ಅಮೆರಿಕದ ಸಜ್ಜಿಗೆ ತಿಂದ ನನ್ನ ಓರಗೆಯವರಿಗೆ ಅದರ ನೆನಪು ನಾಲಗೆಯ ಮೇಲೆಯೇ ಇದೆ. ಅಲ್ಲಿ ಅದು ಬೀದಿಗಾಡಿಗಳ ನೂಡಲ್ಸ್ ಆಯಿತು. ಇಂದು ಕುಡಿತದ ಕೊನೆಗೆ ಒಂದು ಬಟ್ಟಲು ಬಿಸಿ ನೂಡಲ್ಸ್ ತಿಂದು ಏಳುವ ಪದ್ಧತಿಯನ್ನು ಕೊರಿಯನ್ನರು ಅನಾದಿಕಾಲದ್ದೆಂಬಂತೆ ಪಾಲಿಸುತ್ತಾರೆ. ಸಂಪ್ರದಾಯಗಳ ವಯಸ್ಸು ಹಲವು ಸಲ ನಾವೆಣಿಸಿದ್ದಕ್ಕಿಂತ ಕಡಿಮೆ.

ಡೇರೆಯ ರಾತ್ರಿಗೆ ಒಂದು ಗಡಿಯಿತ್ತು. 1945ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇನೆ ವಿಧಿಸಿದ ರಾತ್ರಿಯ ಸಂಚಾರ ನಿಷೇಧ ಸುಮಾರು 36 ವರ್ಷ ಹಾಗೆಯೇ ಉಳಿದುಬಂದಿತ್ತು. ಮಧ್ಯರಾತ್ರಿ ಹನ್ನೆರಡಕ್ಕೆ ಸೈರನ್ ಕೂಗಿದರೆ ನಾಲ್ಕು ಗಂಟೆಯವರೆಗೆ ಬೀದಿಯಲ್ಲಿ ಯಾರೂ ಇರುವಂತಿಲ್ಲ. ಸಿಕ್ಕಿಬಿದ್ದವರಿಗೆ ಪೊಲೀಸ್ ಠಾಣೆಯಲ್ಲಿ ಜಾಗರಣೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಮತ್ತು ವರ್ಷದ ಕೊನೆಯ ರಾತ್ರಿ ಮಾತ್ರ ವಿನಾಯಿತಿ. ಆದುದರಿಂದ ಹತ್ತೂವರೆಯ ನಂತರ ಡೇರೆಗಳಲ್ಲಿ ಒಂದು ಬಗೆಯ ಧಾವಂತ. ಕೊನೆಯ ಬಸ್ಸಿನ ಲೆಕ್ಕಾಚಾರ, ಕೊನೆಯ ಲೋಟದ ಲೆಕ್ಕಾಚಾರ. ಇಂದು ಕೊರಿಯನ್ನರು ಗಟಗಟನೆ ಕುಡಿಯುತ್ತಾರೆಂದು ಪರದೇಶದವರು ಅಚ್ಚರಿಪಡುತ್ತಾರಷ್ಟೆ. ಈ ಆತುರಕ್ಕೆ ಸೈರನ್ನಿನ ನೆನಪೂ ಒಂದು ಕಾರಣವಿರಬಹುದೆಂದು ನನ್ನ ಊಹೆ. 1982ರ ಜನವರಿ 5ರಂದು ನಿಷೇಧ ತೆರವಾಯಿತು. ತೆರವು ಮಾಡಿದವರು ಸೈನಿಕ ದಂಗೆಯ ಮೂಲಕ ಅಧಿಕಾರ ಹಿಡಿದ ಚುನ್ ಡೂ-ಹ್ವಾನ್. ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ 1988ರ ಒಲಿಂಪಿಕ್ಸ್ ಸಿಯೋಲಿಗೆ ದಕ್ಕಿತ್ತು. ಜನರ ಮೇಲಿನ ಪ್ರೀತಿಯಿಂದ ರಾತ್ರಿಯನ್ನು ಬಿಡುಗಡೆ ಮಾಡಿದರೋ ಲೋಕದ ಕಣ್ಣಿಗೆ ಹೆದರಿ ಮಾಡಿದರೋ, ನೀವೇ ಊಹಿಸಿಕೊಳ್ಳಿ. ಡೇರೆಗಳಿಗಂತೂ ಬೆಳಗಿನವರೆಗೆ ವ್ಯಾಪಾರ ಸಿಕ್ಕಿತು. ಕಚೇರಿಯವರ ಗುಂಪು ಮೊದಲ ಸುತ್ತಿಗೆ ಮಾಂಸದ ಹೋಟೆಲು, ಎರಡನೆಯ ಸುತ್ತಿಗೆ ಬಿಯರಿನ ಅಂಗಡಿ, ಮೂರನೆಯ ಸುತ್ತಿಗೆ ಡೇರೆ ಎಂದು ಸುತ್ತು ಹಾಕುವ ಪರಿಪಾಠಕ್ಕೆ ಹೊತ್ತು ಗೊತ್ತು ಇಲ್ಲದಾಯಿತು.

ಈಗ ಊಟದ ವಿಚಾರಕ್ಕೆ ಬರೋಣ. 2012ರ ನವೆಂಬರಿನಲ್ಲಿ ನಾನು ಸಿಯೋಲ್ ನೋಡುವ ಯೋಗ ಬಂದಿತ್ತು. ಅಲ್ಲಿಗೆ ಸಮೀಪದ ಸುವೊನ್ ನಗರದಲ್ಲಿ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಅರಮನೆ, ಮ್ಯೂಸಿಯಂಗಳನ್ನೆಲ್ಲ ತೋರಿಸಿದ ಮೇಲೆ, “ಸರ್, ನಿಮಗೆ ಬೇಸರವಿಲ್ಲವಾದರೆ ಇನ್ನೊಂದು ಕಡೆಗೆ ಹೋಗುವ” ಎಂದು ಸಂಕೋಚದಿಂದಲೇ ಜೊಂಗ್ನೊ ಮೂರನೆಯ ಬೀದಿಗೆ ಕರೆದೊಯ್ದ. ಅವನ ಕೊರಿಯನ್ ಸಹೋದ್ಯೋಗಿಯೊಬ್ಬರೂ ಜೊತೆಗಿದ್ದರು. ಹೊರಗೆ ಎಲುಬು ಕೊರೆಯುವ ಗಾಳಿ. ಟಾರ್ಪಾಲಿನ ಸೀಳನ್ನು ಸರಿಸಿ ಒಳಹೊಕ್ಕರೆ ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣದು; ಮೊದಲು ತಿಳಿದದ್ದು ಮೂಗಿಗೆ. ಒಣಮೀನು ಕುದಿಸಿದ ಸಾರು, ಮೆಣಸಿನ ಘಾಟು, ಸುಡುತ್ತಿರುವ ಮೀನು. ಕರಾವಳಿಯವನಾದ ನನಗೆ ಅದು ಪರದೇಶವೆಂದೇ ಅನ್ನಿಸಲಿಲ್ಲ. ಕುಳಿತೊಡನೆ ಕೇಳದೆಯೇ ಒಂದು ಬೋಗುಣಿ ಬಿಸಿ ಸಾರು ಬಂತು. ಅದಕ್ಕೆ ಬೆಲೆಯಿಲ್ಲ, ಎಷ್ಟು ಬಾರಿ ಕೇಳಿದರೂ ಕೊಡುತ್ತಾರೆ. ಕೆಲವು ಡೇರೆಗಳಲ್ಲಿ ಅದು ಪಚ್ಚಿಲೆಯ ಸಾರು. ನಮ್ಮ ಅಳಿವೆಯ ಬಂಡೆಗಳಲ್ಲಿ ಸಿಗುವ ಪಚ್ಚಿಲೆಯ ದಾಯಾದಿಯನ್ನೇ ಅವರು ಉಪ್ಪುನೀರಿನಲ್ಲಿ ಚಿಪ್ಪುಸಹಿತ ಬೇಯಿಸುತ್ತಾರೆ.

ಅಲ್ಲಿ ಅಂಗಡಿಯಾಕೆಯನ್ನು ‘ಇಮೋ’ ಎಂದು ಕರೆಯುವುದು ವಾಡಿಕೆ. ಇಮೋ ಎಂದರೆ ತಾಯಿಯ ಒಡಹುಟ್ಟಿದವಳು: ನಮ್ಮ ಚಿಕ್ಕಮ್ಮ ಅಥವಾ ದೊಡ್ಡಮ್ಮ. ತಂದೆಯ ತಂಗಿಗೆ ಬೇರೆ ಪದವಿದೆ. ಅದನ್ನು ಯಾರೂ ಇಲ್ಲಿ ಬಳಸುವುದಿಲ್ಲ. ಹಸಿದಾಗ ನೆನಪಾಗುವುದು ತಾಯಿಯ ಕಡೆಯ ಬಳಗವೇ ಎಂಬುದನ್ನು ನಾವಾದರೂ ಒಪ್ಪದಿರಲು ಸಾಧ್ಯವೇ! ಹಿರಿಯರಿಗೆ ಸುರಿಯುವಾಗ ಎರಡು ಕೈಯಲ್ಲಿ ಸೀಸೆ ಹಿಡಿಯಬೇಕು. ಹಿರಿಯರೆದುರು ಕುಡಿಯುವಾಗ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಬೇಕು. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳಬಾರದು. ನನ್ನ ವಿದ್ಯಾರ್ಥಿ ಈ ಮರ್ಯಾದೆಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದನ್ನು ಕಂಡು, ಹತ್ತನೆಯ ತರಗತಿಯಲ್ಲಿ ಇದರ ಕಾಲುಭಾಗ ವಿನಯವಿದ್ದಿದ್ದರೆ ಎಂದುಕೊಂಡೆ. ನಾನು ಒಂದೇ ಒಂದು ಲೋಟ ಸೋಜು ಕುಡಿದೆ. ಸಿಹಿಯಾದ ಸ್ಪಿರಿಟ್ಟಿನ ರುಚಿ, ಎರಡನೆಯದು ಬೇಡವೆನಿಸಿತು.

ನೆಂಚಿಕೊಳ್ಳಲು ಬಂದ ತಟ್ಟೆಗಳು ಮಾತ್ರ ನನಗೆ ದೊಡ್ಡ ಪಾಠ ಹೇಳಿದವು. ಕೋಳಿಯ ಕಾಲಿನ ಪಂಜಗಳು, ಕೆಂಪು ಮೆಣಸಿನ ಮಸಾಲೆಯಲ್ಲಿ. ಕೋಳಿಯ ಹೊಟ್ಟೆಯ ಗಟ್ಟಿ ಮಾಂಸ, ಬೆಳ್ಳುಳ್ಳಿಯೊಡನೆ ಹುರಿದದ್ದು. ರಕ್ತ ಮತ್ತು ಗಾಜಿನಂತಹ ತೆಳು ಶಾವಿಗೆ ತುಂಬಿ ಬೇಯಿಸಿದ ಹಂದಿಯ ಕರುಳು, ಅದರ ಹೆಸರು ಸುಂದೆ. ಕೊಮ್‌ಜಾಂಗೊ ಎಂಬ ಲೋಳೆಮೀನು, ಹಾವಿನಂತೆ ಉದ್ದ, ದವಡೆಯೇ ಇಲ್ಲದ ಜೀವಿ. ಜಪಾನೀಯರ ಕಾಲದಲ್ಲಿ ಬೂಸಾನಿನಲ್ಲಿ ಅದರ ಚರ್ಮವನ್ನು ತೊಗಲಿನ ಸಾಮಾನುಗಳಿಗಾಗಿ ಸುಲಿದುಕೊಂಡು ಮಾಂಸವನ್ನು ಎಸೆಯುತ್ತಿದ್ದರಂತೆ. ಯುದ್ಧದ ವರ್ಷಗಳಲ್ಲಿ ಆ ಊರಿಗೆ ಬಂದು ತುಂಬಿದ ನಿರಾಶ್ರಿತರು ಅದನ್ನು ಕೆಂಡದ ಮೇಲೆ ಸುಟ್ಟು ತಿಂದರು. ಗುಬ್ಬಚ್ಚಿ ಈಗಿಲ್ಲ, ಅದರ ಸ್ಥಾನಕ್ಕೆ ಲಾವಕ್ಕಿ ಬಂದು, ಅದೂ ಅಪರೂಪವಾಗಿದೆ. ಒಟ್ಟಿನಲ್ಲಿ ಕೋಳಿಯ ಎದೆಮಾಂಸ ಬೇರೆ ಯಾರದೋ ಮೇಜಿಗೆ ಹೋಯಿತು, ಕಾಲು ಇಲ್ಲಿಗೆ ಬಂತು. ಹಂದಿಯ ತೊಡೆ ಬೇರೆಡೆಗೆ ಹೋಯಿತು, ಕರುಳು ಇಲ್ಲಿಗೆ. ಸುಟ್ಟ ಮೀನೊಂದು ಮಾತ್ರ ನನಗೆ ಪೂರ್ತಿ ಪರಿಚಿತ, ನಮ್ಮ ಬಂಗುಡೆಯ ಕುಲದ್ದು. ಮುಳ್ಳು ಬಿಡಿಸುವ ನನ್ನ ಕೈಚಳಕಕ್ಕೆ ಇಮೋ ತಲೆದೂಗಿದರು.

ಅವರಿಗೆ ಅರುವತ್ತರ ಆಸುಪಾಸು. ಗಿರಾಕಿಗಳು ಕಡಿಮೆಯಾದ ಮೇಲೆ ಸಹೋದ್ಯೋಗಿಯ ಮೂಲಕ ಎರಡು ಮಾತಾಡಿಸಿದೆ. ಗಂಡ ದುಡಿಯುತ್ತಿದ್ದ ಕಾರ್ಖಾನೆ 1998ರಲ್ಲಿ ಮುಚ್ಚಿತು. ಆ ಚಳಿಗಾಲದಲ್ಲೇ ಇಬ್ಬರೂ ಸೇರಿ ಹಳೆಯ ಗಾಡಿಯೊಂದನ್ನು ಕೊಂಡರು. ಕಷ್ಟವೇನು ಎಂದು ಕೇಳಿದ್ದಕ್ಕೆ ಚಳಿಯೆನ್ನಲಿಲ್ಲ, ಕುಡುಕರೆನ್ನಲಿಲ್ಲ. ತೆರವಿನ ಲಾರಿ ಬರುತ್ತಿದೆಯೆಂದು ಪಕ್ಕದ ಗಾಡಿಯವರು ಕೂಗಿದರೆ ಮೊದಲೆಲ್ಲ ಹತ್ತು ನಿಮಿಷದಲ್ಲಿ ಡೇರೆ ಮಡಚಿ ಓಣಿಗೆ ನುಗ್ಗಿಬಿಡುತ್ತಿದ್ದೆವು, ಈಗ ಮೊಣಕಾಲು ಬಿಡುವುದಿಲ್ಲ ಎಂದರು. ಮೊದಲು ಗ್ಯಾಸಿನ ಸಿಲಿಂಡರ್ ತೆಗೆಯಬೇಕಂತೆ, ಆಮೇಲೆ ಸಾರಿನ ಪಾತ್ರೆ, ಕೊನೆಗೆ ಸ್ಟೂಲುಗಳು. ಸ್ಟೂಲು ಹೋದರೆ ಹೋಗಲಿ, ಸಾರು ಚೆಲ್ಲಬಾರದು.

ತೆರವಿನ ಲಾರಿಯ ಚರಿತ್ರೆ ಡೇರೆಯ ಚರಿತ್ರೆಯಷ್ಟೇ ಹಳೆಯದು. ಕೊರಿಯಾದಲ್ಲಿ ಆಹಾರ ನೈರ್ಮಲ್ಯದ ಕಾನೂನು ಬಂದದ್ದು 1962ರಲ್ಲಿ. ಅದರ ಪ್ರಕಾರ ಈ ಗಾಡಿಗಳಲ್ಲಿ ಬಹುಪಾಲು ಪರವಾನಗಿ ಇಲ್ಲದವು. ಆದರೂ ಮಾಮೂಲು ದಿನಗಳಲ್ಲಿ ಅಧಿಕಾರಿಗಳು ಕಂಡೂ ಕಾಣದಂತಿರುತ್ತಿದ್ದರು, ಅವರೇ ಸಂಜೆ ಬಂದು ಕೂರುತ್ತಲೂ ಇದ್ದರು. ನೆಂಟರು ಬರುವ ಸುದ್ದಿಯಾದರೆ ಮಾತ್ರ ನಗರ ಗುಡಿಸುವ ಕೆಲಸ ಆರಂಭ. 1983ರ ಅಕ್ಟೋಬರಿನಲ್ಲಿ ಜಗತ್ತಿನ ಸಂಸದರ ಸಮಾವೇಶ ಸಿಯೋಲಿನಲ್ಲಿ ನಡೆಯಿತು, 1985ರಲ್ಲಿ ವಿಶ್ವಬ್ಯಾಂಕ್ ಮತ್ತು ಐ.ಎಂ.ಎಫ್. ವಾರ್ಷಿಕ ಸಭೆ, 1986ರಲ್ಲಿ ಏಷ್ಯನ್ ಕ್ರೀಡಾಕೂಟ, 1988ರಲ್ಲಿ ಒಲಿಂಪಿಕ್ಸ್. ಪ್ರತಿಯೊಂದಕ್ಕೂ ಮುನ್ನ ಬೀದಿವ್ಯಾಪಾರಿಗಳನ್ನು ಮುಖ್ಯರಸ್ತೆಗಳಿಂದ ಅಟ್ಟಲಾಯಿತು. ಒಲಿಂಪಿಕ್ಸಿನ ಹೆಸರಿನಲ್ಲಿ ಮನೆ ಕಳೆದುಕೊಂಡವರ ಸಂಖ್ಯೆ 7 ಲಕ್ಷ 20 ಸಾವಿರವೆಂದು ವಸತಿ ಹಕ್ಕುಗಳ ಅಂತರರಾಷ್ಟ್ರೀಯ ಸಂಘಟನೆಯೊಂದು ಮುಂದೆ ಅಂದಾಜಿಸಿತು. ಕಿಮ್ ಡೊಂಗ್-ವೊನ್ ಎಂಬ ನಿರ್ದೇಶಕರ ‘ಸಾಂಗ್ಯೆ-ಡೊಂಗ್ ಒಲಿಂಪಿಕ್ಸ್’ (1988) ಎಂಬ ಸಾಕ್ಷ್ಯಚಿತ್ರದಲ್ಲಿ ಒಕ್ಕಲೆಬ್ಬಿಸಲ್ಪಟ್ಟ ಜನ ಹೆದ್ದಾರಿಯ ಪಕ್ಕ ಮತ್ತೆ ಗುಡಿಸಲು ಹಾಕಿಕೊಳ್ಳುತ್ತಾರೆ. ಒಲಿಂಪಿಕ್ ಜ್ಯೋತಿ ಆ ಹಾದಿಯಲ್ಲಿ ಬರಲಿದೆಯೆಂದು ಅದನ್ನೂ ಕೆಡವುತ್ತಾರೆ. ನಾವು ಆ ವರ್ಷ ದೂರದರ್ಶನದ ಮುಂದೆ ಕುಳಿತು ನೋಡಿದ ಜ್ಯೋತಿ ಅದೇ.

ಆದರೆ 1988 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ಅದರ ಹಿಂದಿನ ವರ್ಷದ ಜೂನಿನಲ್ಲಿ ಕೊರಿಯದ ಜನ ಬೀದಿಗಿಳಿದು ಸರ್ವಾಧಿಕಾರವನ್ನು ಮಣಿಸಿ ಅಧ್ಯಕ್ಷರ ನೇರ ಚುನಾವಣೆಯ ಹಕ್ಕನ್ನು ಪಡೆದಿದ್ದರು. ಆ ಗಾಳಿ ಬೀದಿಯಲ್ಲೇ ಬದುಕುವವರಿಗೂ ತಾಗಿತು. 1988ರ ಜೂನಿನಲ್ಲಿ ಬೀದಿವ್ಯಾಪಾರಿಗಳು ತೆರವಿನ ವಿರುದ್ಧ ಒಟ್ಟಾಗಿ ಸಭೆ ಸೇರಿದರು. ಆ ದಶಕ ಮುಗಿಯುವುದರೊಳಗೆ ಅವರದೇ ರಾಷ್ಟ್ರಮಟ್ಟದ ಒಕ್ಕೂಟ ರೂಪುಗೊಂಡಿತು. ಓಡಿಹೋಗುವುದಕ್ಕೆ ಗಾಲಿಯಿಟ್ಟುಕೊಂಡಿದ್ದವರು ನಿಂತು ಮಾತಾಡಲು ಕಲಿತದ್ದು ಆಗ.

ಇದಾಗಿ ಒಂಬತ್ತು ವರ್ಷಕ್ಕೆ ದೊಡ್ಡ ಸಿಡಿಲು ಎರಗಿತು. 1997ರ ನವೆಂಬರ್ 21ರಂದು ಕೊರಿಯಾ ಸರ್ಕಾರ ಐ.ಎಂ.ಎಫ್. ನೆರವು ಕೋರುವುದಾಗಿ ಪ್ರಕಟಿಸಿತು. ಹಿಂದಿನ ವರ್ಷವಷ್ಟೇ ಸಿರಿವಂತ ರಾಷ್ಟ್ರಗಳ ಕೂಟವಾದ ಒ.ಇ.ಸಿ.ಡಿ.ಗೆ ಸೇರಿದ್ದ ದೇಶ! ನಿರುದ್ಯೋಗದ ಪ್ರಮಾಣ ನೂರಕ್ಕೆ ಮೂರಕ್ಕಿಂತ ಕಡಿಮೆಯಿದ್ದುದು 1998ರಲ್ಲಿ ಏಳಕ್ಕೆ ಏರಿತು. ಮುತ್ತುರದ ಉಂಗುರ, ಮಕ್ಕಳ ಬಳೆ ಎಲ್ಲವನ್ನೂ ಜನ ದೇಶದ ಸಾಲ ತೀರಿಸಲೆಂದು ಸಾಲುಗಟ್ಟಿ ತಂದುಕೊಟ್ಟರು. ಹೀಗೆ ಸೇರಿದ ಚಿನ್ನ 227 ಟನ್. ಅದು ಪತ್ರಿಕೆಗಳಲ್ಲಿ ಬಂದ, ಎಲ್ಲರೂ ಹೊಗಳಿದ ಸುದ್ದಿ. ಕೆಲಸ ಕಳೆದುಕೊಂಡ ಗುಮಾಸ್ತರೂ ಕಾರ್ಖಾನೆಯ ಕೆಲಸಗಾರರೂ ಗಾಡಿ ಹಿಡಿದು ಬೀದಿಗೆ ಬಂದರಲ್ಲ, ಅದಕ್ಕೆ ಅಷ್ಟು ಹೊಗಳಿಕೆ ಸಿಗಲಿಲ್ಲ. ಹಿಂದಿನ ವರ್ಷದವರೆಗೆ ಗಿರಾಕಿಗಳಾಗಿ ಸ್ಟೂಲಿನ ಮೇಲೆ ಕುಳಿತಿದ್ದವರು ಈಗ ಒಲೆಯ ಆಚೆ ನಿಂತರು. ಸರ್ಕಾರವೂ ಆ ಕೆಲವು ವರ್ಷ ಕೊಂಚ ಕಣ್ಣುಮುಚ್ಚಿತು. ನಿರುದ್ಯೋಗ ಭತ್ಯೆಯ ವ್ಯವಸ್ಥೆ 1995ರಲ್ಲಿ ಆರಂಭವಾಗಿದ್ದರೂ ಇನ್ನೂ ಎಳೆಯದು, ಎಲ್ಲರನ್ನೂ ಮುಟ್ಟುವಂತಹದಲ್ಲ. ಅದು ಮುಟ್ಟದವರಿಗೆ ಒಂದು ಟಾರ್ಪಾಲು ಆಸರೆಯಾಯಿತು.

ಡೇರೆಯ ಎದುರುಪಕ್ಷದವರ ವಾದವನ್ನೂ ಹೇಳದಿದ್ದರೆ ನ್ಯಾಯವಾಗದು. ದುಬಾರಿ ಬಾಡಿಗೆ, ತೆರಿಗೆ ಕಟ್ಟಿ ಹೋಟೆಲು ನಡೆಸುವವನ ಬಾಗಿಲ ಮುಂದೆಯೇ ಇವೆರಡನ್ನೂ ಕೊಡದ ಗಾಡಿಯೊಂದು ನಿಂತರೆ ಅವನಿಗೆ ಸಂಕಟವಾಗದೇ? ಕಾಲುದಾರಿ ಕಿರಿದಾಗುತ್ತದೆ, ಪಾತ್ರೆ ತೊಳೆಯಲು ನೀರಿಲ್ಲ, ಸರಿಯಾದ ಶೌಚಾಲಯವಿಲ್ಲ. ಜಾಗದ ಹೆಸರಿನಲ್ಲಿ ಹಣ ಕೀಳುವ ಪುಂಡರೂ ಇದ್ದರು. ಜೊಂಗ್ನೊದ ಕೆಲವು ಡೇರೆಗಳಲ್ಲಿ ಇತ್ತೀಚೆಗೆ ಹೋಟೆಲಿಗಿಂತ ಹೆಚ್ಚು ಬೆಲೆ ಕೀಳುತ್ತಾರೆ, ಕಾರ್ಡ್ ಸ್ವೀಕರಿಸುವುದಿಲ್ಲ ಎಂಬ ದೂರುಗಳು ಅಲ್ಲಿನ ಪತ್ರಿಕೆಗಳಲ್ಲೇ ಬಂದಿವೆ. ಇವೆಲ್ಲ ದಿಟವೇ. ಅಷ್ಟಾಗಿಯೂ ನನ್ನ ಮನಸ್ಸು ಡೇರೆಯ ಕಡೆಗೇ ವಾಲುತ್ತದೆ. 2007ರ ಅಕ್ಟೋಬರಿನಲ್ಲಿ, ಸಿಯೋಲಿಗೆ ಅಂಟಿಕೊಂಡಿರುವ ಗೋಯಾಂಗ್ ನಗರದಲ್ಲಿ, ಹೆಂಡತಿಯೊಡನೆ ಬೀದಿಬದಿ ತಿಂಡಿ ಮಾರುತ್ತಿದ್ದ ವ್ಯಾಪಾರಿಯೊಬ್ಬ ತೆರವು ಕಾರ್ಯಾಚರಣೆಯ ಮರುದಿನವೇ ಪ್ರಾಣ ಕಳೆದುಕೊಂಡ. ತೆರವು ಮಾಡಲು ಬಂದವರು ಗುತ್ತಿಗೆಯ ಆಳುಗಳು. ಕಾಲುದಾರಿಯ ಅಗಲವನ್ನು ಅಳೆಯುವಾಗ ಈ ಲೆಕ್ಕವನ್ನೂ ಯಾರಾದರೂ ಇಡಬೇಕು.

ಬಲವಂತದಿಂದ ಆಗದ್ದು ಕೊನೆಗೆ ಬೇರೆ ರೀತಿಯಲ್ಲಿ ಆಯಿತು. 1990ರ ದಶಕದ ಕೊನೆಯಿಂದ ‘ಒಳಾಂಗಣ ಪೋಚಾ’ ಎಂಬ ಅಂಗಡಿಗಳು ಹುಟ್ಟಿಕೊಂಡವು. ಪೋಚಾ ಎಂಬುದು ಪೋಜಾಂಗ್‌ಮಾಚಾದ ಮೊಟಕು ರೂಪ. ಕಟ್ಟಡದೊಳಗೆ ಅದೇ ಪ್ಲಾಸ್ಟಿಕ್ ಸ್ಟೂಲು, ಅದೇ ಟಾರ್ಪಾಲಿನ ತುಂಡು, ಅದೇ ಕೋಳಿಯ ಕಾಲು. ಆದರೆ ಪರವಾನಗಿಯಿದೆ, ಶೌಚಾಲಯವಿದೆ, ಗಾಲಿಯಿಲ್ಲ. ಬಡತನದ ರುಚಿಯನ್ನು ಬಡತನವಿಲ್ಲದೆ ಸವಿಯುವ ಏರ್ಪಾಡು. ಇವುಗಳ ಸರಣಿ ಅಂಗಡಿಗಳೇ ದೇಶದ ತುಂಬ ಹಬ್ಬಿದವು. ದಕ್ಷಿಣದ ಯೊಸು ಎಂಬ ಬಂದರಿನಲ್ಲಿ ನಗರಾಡಳಿತವೇ 2016ರಲ್ಲಿ ಕಡಲಬದಿಗೆ ಡೇರೆಗಳ ಸಾಲೊಂದನ್ನು ಪ್ರವಾಸಿಗರಿಗಾಗಿ ತೆರೆಯಿತು. ಅಟ್ಟುತ್ತಿದ್ದವರೇ ಕರೆದು ಕೂರಿಸುವ ಕಾಲ ಬಂತು! 2020ರಲ್ಲಿ ಕೋವಿಡ್ ಬಂದಾಗ ಸಿಯೋಲಿನಲ್ಲಿ ರಾತ್ರಿ ಒಂಬತ್ತರ ನಂತರ ಕುಳಿತು ತಿನ್ನುವುದನ್ನು ನಿಷೇಧಿಸಿದರು, ಡೇರೆಗಳಿಗೂ ಅದು ಅನ್ವಯಿಸಿತು. ಹಳೆಯ ಸೈರನ್ನನ್ನು ಕಂಡ ಮುದುಕರು ಏನೆಂದುಕೊಂಡರೋ.

ಗಾಲಿಯ ಬೆಲೆ ಏನೆಂಬುದು ಬೂಸಾನಿನ ಹೇಉಂದೇ ಕಡಲತೀರದಲ್ಲಿ ತಿಳಿಯಿತು. ಅಲ್ಲಿ ದಶಕಗಳಿಂದ ದಂಡೆಯುದ್ದಕ್ಕೂ ಚದುರಿದ್ದ ಡೇರೆಗಳನ್ನು 2000ದ ದಶಕದ ಆರಂಭದಲ್ಲಿ ಒಂದೇ ಜಾಗಕ್ಕೆ ತಂದು ಸಾಲಾಗಿ ನಿಲ್ಲಿಸಿದರು. 1996ರಲ್ಲಿ ಆರಂಭವಾದ ಬೂಸಾನ್ ಚಲನಚಿತ್ರೋತ್ಸವಕ್ಕೆ ಬಂದ ನಿರ್ದೇಶಕರೂ ನಟನಟಿಯರೂ ರಾತ್ರಿ ಪ್ರದರ್ಶನ ಮುಗಿದ ಮೇಲೆ ಅಲ್ಲಿ ಕುಳಿತು ಕಡಲ ಸಿಗಡಿ ತಿನ್ನುತ್ತಿದ್ದರು. ಹೇಉಂದೇಯ ಡೇರೆಗಳ ಹೆಸರು ಲೋಕಕ್ಕೆಲ್ಲ ಹರಡಿತು. ಡೇರೆಗಳು ಹಗಲೂ ಅಲ್ಲೇ ಇರತೊಡಗಿದವು. ಇಮೋಗಳಿಗೆ ಮಡಚಿ ಓಡುವ ಕಷ್ಟ ತಪ್ಪಿತು, ನಿಜ. ಆದರೆ ಅವರು ನಿಂತಿದ್ದ ನೆಲ ಸಾರ್ವಜನಿಕ ಸೊತ್ತಾಗಿಯೇ ಉಳಿದಿತ್ತು, ಅಂಗಡಿಗಳು ಅನಧಿಕೃತವಾಗಿಯೇ ಉಳಿದಿದ್ದವು, ಮತ್ತು ಈಗ ಅವುಗಳಿಗೆ ನೋಟೀಸು ಅಂಟಿಸಲು ಒಂದು ಖಚಿತ ವಿಳಾಸವಿತ್ತು. ದೂರುಗಳು ಬಂದವು, ಗಡುವುಗಳು ಬಂದವು. 2024ರ ಜೂನಿನಲ್ಲಿ ಯಂತ್ರಗಳು ಬಂದು, ಉಳಿದಿದ್ದ ಸುಮಾರು ನಲವತ್ತು ಡೇರೆಗಳನ್ನು ಕೆಡವಿದವು. ಹತ್ತು ನಿಮಿಷದಲ್ಲಿ ಮಡಚಿಕೊಂಡು ಓಣಿಗೆ ನುಗ್ಗುವ ಅಭ್ಯಾಸ ಅಲ್ಲಿ ಯಾರಿಗೂ ಉಳಿದಿರಲಿಲ್ಲ.

ಅದಕ್ಕೆ ಒಂದು ತಿಂಗಳ ಹಿಂದೆ, 2024ರ ಮೇ ತಿಂಗಳಿನಲ್ಲಿ, ಕೊರಿಯಾ ಸರ್ಕಾರ ಮದ್ಯದ ನಿಯಮಗಳನ್ನು ತಿದ್ದಿ ಸೋಜುವನ್ನು ಸೀಸೆಯಿಂದ ಸುರಿದು ಲೋಟದ ಲೆಕ್ಕದಲ್ಲಿ ಮಾರಲು ಸ್ಪಷ್ಟ ಅನುಮತಿ ನೀಡಿತು. ಚಂಗ್ಯೆಚನ್ ದಂಡೆಯ ಗಾಡಿಯವರು ಗುಬ್ಬಚ್ಚಿಯ ಜೊತೆಗೆ ಮಾರುತ್ತಿದ್ದುದೂ ಹಾಗೆಯೇ.